ಐದನೇ ಬಾಗಿಲಿನಾಚೆ

“ಇನ್ನೊಂದ್ಸಲ ಕಪ್ಪಂದು ಕೊಡಿ,” ಎಂದಳು ಅವಳು.

ಅಂಗಡಿಯಾಕೆ ಬೆಳ್ಳಿ ಬಣ್ಣದ ಪ್ಲೇಯರಿನಿಂದ ಇಯರ್‌ಫೋನಿನ ಪಿನ್ನು ಕಿತ್ತು ಕಪ್ಪು ಪ್ಲೇಯರಿಗೆ ಸಿಕ್ಕಿಸಿದಳು. ಇದು ನಾಲ್ಕನೇ ಸಲ. ಗಾಜಿನ ಕೌಂಟರಿನ ಮೇಲೆ ಎರಡೂ ಅಕ್ಕಪಕ್ಕ ಮಲಗಿದ್ದವು. ಕಪ್ಪಿನದು ಬಳಸಿ ಸವೆದ ಸೋಪಿನ ತುಂಡಿನಷ್ಟು ಹಗುರ. ಬೆಳ್ಳಿಯದು ಅಂಗೈಯ ಮೇಲಿಟ್ಟರೆ ತಣ್ಣಗೆ, ತೂಕವಾಗಿ ಕೂರುವಂಥದು. ಬೆಲೆಯೂ ಕಪ್ಪಿನ ಎರಡರಷ್ಟು. ಅಜ್ಜಿಯ ಕಥೆಗಳಲ್ಲಿ ಹೀಗೆ ಎರಡು ಪೆಟ್ಟಿಗೆ ಎದುರಿಗೆ ಬಂದರೆ ಜಾಣೆಯಾದವಳು ಮಂಕಾದದ್ದನ್ನೇ ಆರಿಸುತ್ತಿದ್ದಳು. ಹೊಳೆಯುವುದರೊಳಗೆ ಚೇಳಿರುತ್ತಿತ್ತು.

ಅವಳು ಕಣ್ಣು ಮುಚ್ಚಿದಳು. ತಬಲದ ಗುಮುಕು, ಒಬ್ಬ ಗಂಡಸಿನ ದನಿ, ಅದರ ಕೆಳಗೆ ಏನೋ ಉದ್ದಕ್ಕೆ ಎಳೆದಂತೆ. ಬೆಳ್ಳಿಯದರಲ್ಲೂ ಇಷ್ಟೇ ಇತ್ತು.

“ಎರಡೂ ಒಂದೇ ಥರ ಇದೆಯಲ್ಲಕ್ಕ.”

“ಒಂದೇ ಥರಾನಾ?” ಅಂಗಡಿಯಾಕೆ ಮೂಗಿನ ತುದಿಗೆ ಜಾರಿದ್ದ ಕನ್ನಡಕದ ಮೇಲಿಂದ ನೋಡಿದಳು. ಐವತ್ತು ದಾಟಿದ ಹೆಂಗಸು. ಕೈಬೆರಳುಗಳಲ್ಲಿ ಬೆಸುಗೆಯ ಸಣ್ಣ ಸಣ್ಣ ಸುಟ್ಟ ಕಲೆ. “ಅಜಗಜಾಂತರ ಇದೆ ಕಣಮ್ಮ. ಒಂದು ಆಡು, ಒಂದು ಆನೆ.”

“ಹಾಗಾದ್ರೆ ಆಡು ಯಾವುದು, ಆನೆ ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ.”

ಅಂಗಡಿಯಾಕೆ ನಕ್ಕಳು. ಅವಳು ನಗಲಿಲ್ಲ. ತನಗೆ ದುಬಾರಿಯದನ್ನು ಕಟ್ಟುವ ಹುನ್ನಾರ ನಡೆದಿದೆ ಎಂದು ಅವಳಿಗೆ ಬಹುಮಟ್ಟಿಗೆ ಖಾತ್ರಿಯಾಗಿತ್ತು.

ಅವಳಿಗೆ ಬೇಕಾಗಿದ್ದುದು ಹಾಡಲ್ಲ. ಪರ್ಸಿನ ಒಳಜೇಬಿನಲ್ಲಿ, ಔಷಧಿ ಅಂಗಡಿಯ ಕಾಗದದ ಪುಟ್ಟ ಕವರಿನೊಳಗೆ, ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡಿತ್ತು. ಅಜ್ಜಿ ಹೋದ ಮೇಲೆ ಸೋದರಮಾವನಿಗೆ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಹಳೇ ಕ್ಯಾಸೆಟ್ಟು ಸಿಕ್ಕಿತ್ತು. ಯಾರ ಕೈಯಲ್ಲೋ ಅದನ್ನು ಕಾರ್ಡಿಗೆ ಹಾಕಿಸಿ ಅಂಚೆಯಲ್ಲಿ ಕಳಿಸಿದ್ದ. ಜೊತೆಗೆ ಒಂದು ಚೀಟಿ: ‘ನಿನ್ನಜ್ಜಿಯ ಕಥೆ. ನೀನೇ ಇಟ್ಕೋ.’ ಮಾವ ಮಾತಿನಲ್ಲಿ ಬಲು ಜಿಪುಣ. ಇದಕ್ಕಿಂತ ಹೆಚ್ಚು ಬರೆದಿದ್ದರೆ ಅವಳಿಗೆ ಗಾಬರಿಯಾಗುತ್ತಿತ್ತು.

ಅಪ್ಪ ಅಮ್ಮನನ್ನು ಫೋಟೊದಲ್ಲಿ ಮಾತ್ರ ಕಂಡಿದ್ದ ಅವಳನ್ನು ಸಾಕಿದ್ದು ಅಜ್ಜಿ. ಅನ್ನದಷ್ಟೇ ಕಥೆಯನ್ನೂ ಉಣ್ಣಿಸಿ ಸಾಕಿದ್ದಳು. ಕ್ಯಾಸೆಟ್ಟಿನಲ್ಲಿದ್ದದ್ದು ಏಳು ಬಾಗಿಲ ಮನೆಯ ಕಥೆ. ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಹೊರಟ ಅಕ್ಕ ಒಂದೊಂದೇ ಬಾಗಿಲು ತೆಗೆಯುತ್ತ ಹೋಗುತ್ತಾಳೆ. ಪ್ರತಿ ಬಾಗಿಲಿನಲ್ಲೂ ಕಾವಲಿಗೆ ಒಬ್ಬರು, ಪ್ರತಿಯೊಬ್ಬರಿಗೂ ಅವಳಿಂದ ಏನೋ ಒಂದು ಬೇಕು. ಮೊದಲನೆಯವನಿಗೆ ಅವಳ ನೆರಳು, ಎರಡನೆಯವಳಿಗೆ ಅವಳ ಜಡೆ. ಚಿಕ್ಕಂದಿನಲ್ಲಿ ಅವಳು ಐದನೇ ಬಾಗಿಲು ತಲುಪುವಷ್ಟರಲ್ಲಿ ನಿದ್ದೆ ಹೋಗಿಬಿಡುತ್ತಿದ್ದಳು. ಮರುದಿನ ಕೇಳಿದರೆ ಅಜ್ಜಿ, “ಮತ್ತೆ ಮೊದಲಿಂದಲೇ ಕೇಳಬೇಕು, ನಡುವಿನಿಂದ ಹೊಕ್ಕರೆ ಮನೆ ಒಳಗೆ ಬಿಟ್ಕೊಳ್ಳಲ್ಲ,” ಅನ್ನುತ್ತಿದ್ದಳು. ಮತ್ತೆ ಮೊದಲಿಂದ, ಮತ್ತೆ ಐದನೇ ಬಾಗಿಲು, ಮತ್ತೆ ನಿದ್ದೆ. ತಂಗಿ ಸಿಕ್ಕಿದಳೋ ಇಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ.

ರಬ್ಬರ್ ಬ್ಯಾಂಡು ಹಾಕಿ ಬಿಗಿದಿದ್ದ ತನ್ನ ಬಟನ್ ಫೋನಿಗೆ ಕಾರ್ಡು ಹಾಕಿ ಕೇಳಿದ್ದಳು. ಅಜ್ಜಿ ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದಂತಿತ್ತು. ಉಬ್ಬಸ ಕಾಡುತ್ತಿದ್ದ ದಿನಗಳಿರಬೇಕು, ಎರಡೆರಡು ಮಾತಿಗೂ ನಿಲ್ಲುತ್ತಿದ್ದಳು. ಐದನೇ ಬಾಗಿಲು ಬಂದದ್ದೇ ದನಿ ಬಾವಿಗೆ ಬಿದ್ದ ಕಲ್ಲಿನಂತೆ ಕೆಳಕ್ಕಿಳಿದು, ಆಮೇಲೆ ಬರೀ ಗುನುಗುನು. ಫೋನನ್ನು ಕಿವಿಗೆ ಒತ್ತಿ ಹಿಡಿದು, ದಿಂಬಿನ ಕೆಳಗಿಟ್ಟು, ಉಕ್ಕಿನ ಲೋಟದೊಳಗಿಟ್ಟು ನೋಡಿದಳು. ಊಹೂಂ. ದರಿದ್ರ ಫೋನು ಎಂದು ಬೈದು, ಒಳ್ಳೇ ಸೌಂಡಿನ, ಆದರೆ ತನ್ನ ಕೈಗೆಟುಕುವ ಪ್ಲೇಯರೊಂದನ್ನು ಕೊಳ್ಳಲೇಬೇಕೆಂದು ನಿರ್ಧರಿಸಿದ್ದಳು. ಮೂರು ವಾರದಲ್ಲಿ ಇದು ಆರನೇ ಅಂಗಡಿ.

“ಗಂಡು ಹುಡುಕೋಕೂ ಜನ ಇಷ್ಟು ಮನೆ ಹತ್ತಲ್ಲ ಕಣೆ, ಕನಸಮ್ಮ,” ಎಂದಿದ್ದಳು ನಿನ್ನೆ ಕೆಲಸದಲ್ಲಿ, ಎದುರು ಸಾಲಿನಿಂದ, ಎಲ್ಲರಿಗಿಂತ ಎತ್ತರದ ಉದ್ದಕ್ಕ.

“ಗಂಡನ ಬಾಯಿ ಮುಚ್ಚಿಸೋಕೆ ಬಟನ್ ಇರಲ್ವಲ್ಲ. ಇದಕ್ಕಿರುತ್ತೆ.”

ಉದ್ದಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಆ ನಗುವಿನ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಅವರ ಕಾರ್ಖಾನೆಯಲ್ಲಿ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗುತ್ತ, ಬೆಲ್ಟಿನ ಮೇಲೆ ಮೆರವಣಿಗೆ ಬರುವ ಗದ್ದಲದಲ್ಲಿ ದೇವರೇ ಪ್ರತ್ಯಕ್ಷನಾಗಿ ವರ ಕೇಳು ಅಂದರೂ ಕೇಳಿಸುವಂತಿರಲಿಲ್ಲ. ಬಾಟಲಿ ನೋಡುವ ಹೆಂಗಸರು ಮಾತಾಡುತ್ತಿದ್ದುದು ಬರೀ ತುಟಿಯಲ್ಲಿ. ಬಿಳಿ ದೀಪದ ಹಲಗೆಯ ಮುಂದೆ ಸಾಗುವ ಬಾಟಲಿಗಳಲ್ಲಿ ಕೂದಲೆಳೆಯ ಬಿರುಕು ಹುಡುಕುತ್ತಲೇ ಎದುರಿನವಳ ತುಟಿಯಲ್ಲಿ ಅವಳ ಅತ್ತೆಯ ಕಾಟ, ನಾದಿನಿಯ ಬಸಿರು, ಸೂಪರ್‌ವೈಸರನ ಹೊಸ ಹಲ್ಲು ಎಲ್ಲವನ್ನೂ ಓದುತ್ತಿದ್ದರು. ಹೊಸದಾಗಿ ಬಂದವರು ಮೊದಲ ತಿಂಗಳು ಕಿರುಚಿ ಕಿರುಚಿ ಗಂಟಲು ಕಟ್ಟಿಕೊಂಡು, ಆಮೇಲೆ ತಾವೂ ಕಲಿಯುತ್ತಿದ್ದರು. ಕಿವಿಗೆ ತುರುಕಿಕೊಳ್ಳಲು ಕೊಟ್ಟ ಬಿರಡೆಗಳು ಎಲ್ಲರ ಲಾಕರಿನಲ್ಲಿ ಕವರು ಸಮೇತ ಇದ್ದವು. ಹಾಕಿಕೊಂಡರೆ ಕಿವಿ ತುರಿಸುತ್ತಿತ್ತು. ಅವಳು ಅಲ್ಲಿಗೆ ಸೇರಿ ಒಂಬತ್ತು ವರ್ಷವಾಗಿತ್ತು.

ಅಂಗಡಿಯಾಕೆ ಕೌಂಟರಿನ ಕೆಳಗೆ ಬಗ್ಗಿ ಏನನ್ನೋ ಹುಡುಕತೊಡಗಿದಳು. ಅವಳು ಗೋಡೆಯ ಮೇಲೆ ಬಳ್ಳಿಗಳಂತೆ ಇಳಿಬಿದ್ದ ವಯರುಗಳನ್ನು ನೋಡುತ್ತ ನಿಂತಳು. ಅಂಗಡಿಯಾಕೆ ಬೇರೊಂದು ಇಯರ್‌ಫೋನು ಹಿಡಿದು ಎದ್ದವಳು, “ಏನಮ್ಮ, ಎರಡು ಸಲ ಕೇಳಿದೆ, ಉತ್ತರಾನೇ ಇಲ್ಲ?” ಎಂದಳು.

“ಏನು ಕೇಳಿದ್ರಿ?”

“ನಿನ್ನ ಹತ್ರ ಹಾಡೇನಾದ್ರೂ ಇದೆಯಾ ಅಂತ. ನಮ್ಮ ಕಿವಿಗೆ ಪಳಗಿದ್ದನ್ನ ಹಾಕಿ ನೋಡಿದ್ರೇ ಪ್ಲೇಯರಿನ ಯೋಗ್ಯತೆ ಗೊತ್ತಾಗೋದು.”

ಅವಳು ಸ್ವಲ್ಪ ಹೊತ್ತು ಅನುಮಾನಿಸಿ, ಪರ್ಸು ತೆಗೆದು, ಕವರಿನಿಂದ ಕಾರ್ಡನ್ನು ಕೊಟ್ಟಳು. “ಜೋಪಾನ ಅಕ್ಕ. ಇದೊಂದೇ ಇರೋದು.”

ಅಂಗಡಿಯಾಕೆ ಕಾರ್ಡನ್ನು ಬೆಳ್ಳಿಯ ಪ್ಲೇಯರಿಗೆ ಹಾಕಿ, ಇಯರ್‌ಫೋನಿನ ಒಂದು ಗುಂಡಿಯನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ತಾನು ಕಿವಿಗಿಟ್ಟುಕೊಂಡಳು. ವಯರು ಮೊಳದುದ್ದವೇ ಆದ್ದರಿಂದ ಇಬ್ಬರೂ ಕೌಂಟರಿನ ಮೇಲೆ ಬಾಗಬೇಕಾಯಿತು. ಅಜ್ಜಿ ಶುರುಮಾಡಿದಳು. ‘ಒಂದಾನೊಂದು ಊರು. ಆ ಊರಿನಾಚೆ ಒಂದು ಮನೆ.’ ನಿಂತಳು. ‘ಆ ಮನೆಗೆ ಏಳು ಬಾಗಿಲು.’ ನಿಂತಳು. ಫೋನಿಗಿಂತ ಎಷ್ಟೋ ವಾಸಿ. ತಗಡಿನ ಡಬ್ಬಿಯಿಂದ ಅಜ್ಜಿ ಹೊರಗೆ ಬಂದು, ಪಕ್ಕದ ಕೋಣೆಯಲ್ಲಿ ಕೂತಿದ್ದಳು.

ಅಂಗಡಿಯಾಕೆಯ ಮುಖ ಮೆತ್ತಗಾಯಿತು. “ಈ ಪಾಪು ಯಾರು?”

“ಯಾವ ಪಾಪು?”

“ನಡುನಡುವೆ ಹೂಂ ಹೂಂ ಅಂತಿದೆಯಲ್ಲ.”

“ಪಾಪು ಎಲ್ಲಿದೆ? ಅಜ್ಜಿ ಒಬ್ಬಳೇ ಹೇಳ್ತಿರೋದು. ಅವಳಿಗೆ ಉಬ್ಬಸ, ಅದಕ್ಕೇ ನಿಂತು ನಿಂತು ಹೇಳ್ತಾಳೆ.”

“ಉಬ್ಬಸ ಅಲ್ಲಮ್ಮ. ಕಾಯ್ತಾ ಇದಾರೆ. ಮಗು ಹೂಂ ಅಂದ ಮೇಲೇನೇ ಮುಂದಕ್ಕೆ ಹೋಗ್ತಿರೋದು. ಒಳ್ಳೇ ಕಂಬಳಿಯೊಳಗಿಂದ ಅಂದ ಹಾಗಿದೆ. ಇಗೋ, ಈಗ ಅಂತು.”

ಅವಳು ಬೆರಳಿನಿಂದ ಗುಂಡಿಯನ್ನು ಕಿವಿಯೊಳಕ್ಕೆ ಒತ್ತಿದಳು. ಅಜ್ಜಿಯ ಒಂದು ಮಾತು, ಆಮೇಲೆ ಖಾಲಿ. ಮತ್ತೊಂದು ಮಾತು, ಖಾಲಿ. ಹೂಂಗುಡದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದುದು ಅವಳಿಗೆ ನೆನಪಾಯಿತು. “ಹೂಂ ಅನ್ನೋರಿಲ್ದೆ ಕಥೆ ಹೇಳಿದ್ರೆ ಕಥೆ ದಾರಿ ತಪ್ಪಿ ಬೇರೆಯವರ ಮನೆಗೆ ಹೋಗುತ್ತೆ,” ಅನ್ನುತ್ತಿದ್ದಳು. ಮಾವ ಹೊಸದಾಗಿ ಟೇಪ್ ರೆಕಾರ್ಡರ್ ತಂದಿದ್ದ ವರ್ಷ. ಜ್ವರ ಬಂದು ಮಲಗಿದ್ದ ಯಾವುದೋ ಮಧ್ಯಾಹ್ನವಿರಬೇಕು. ಕಂಬಳಿಯೊಳಗೆ ಇದ್ದವಳು ತಾನಲ್ಲದೆ ಇನ್ಯಾರು?

“ನನಗೆ ಕೇಳಿಸ್ತಿಲ್ಲ. ನಿಮ್ಮ ಕಡೆ ಗುಂಡಿ ಚೆನ್ನಾಗಿದೆ, ನನ್ನದು ಸರಿ ಇಲ್ಲ.”

ಗುಂಡಿ ಅದಲುಬದಲಾಯಿತು. ಏನೂ ಬದಲಾಗಲಿಲ್ಲ.

ಅಂಗಡಿಯಾಕೆ ಪ್ಲೇಯರನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಆಮೇಲೆ ಪ್ಲೇಯರಿನ ಖಾಲಿ ಪೆಟ್ಟಿಗೆಯನ್ನೆತ್ತಿ, ಅದರ ಹಿಂದಿನ ಅಕ್ಷರ ಓದುವವಳಂತೆ ಬಾಯಿಗೆ ಅಡ್ಡ ಹಿಡಿದಳು. ಒಂದು ಗಳಿಗೆ ಹಾಗೇ ಇದ್ದು ಕೆಳಗಿಳಿಸಿದಳು.

“ಈಗ ನಾನೇನು ಹೇಳಿದೆ?”

“ಏನೂ ಹೇಳ್ಲಿಲ್ಲವಲ್ಲ.”

ಪೆಟ್ಟಿಗೆಯನ್ನು ಕೌಂಟರಿನ ಮೇಲಿಡುವಾಗ ಅಂಗಡಿಯಾಕೆ ಅದು ಮೊಟ್ಟೆಯೇನೋ ಎಂಬಷ್ಟು ನಿಧಾನವಾಗಿ ಇಟ್ಟಳು. “ಎಲ್ಲಮ್ಮ ಕೆಲಸ ನಿನಗೆ?”

“ಬಾಟಲಿ ಕಾರ್ಖಾನೆ.”

“ನಮ್ಮಪ್ಪಂದು ಕುಲುಮೆ ಕೆಲಸ. ನಾನು ಮಾತಾಡುವಾಗ ಕಣ್ಣು ನೋಡ್ತಿರಲಿಲ್ಲ, ಬಾಯಿ ನೋಡೋರು. ನೀನೂ ಬಂದಾಗಿನಿಂದ ನನ್ನ ಬಾಯೇ ನೋಡ್ತಿದೀಯ. ನಾನು ಮೊದಲು, ಹಲ್ಲಿಗೆ ಸೊಪ್ಪು ಸಿಕ್ಕೊಂಡಿದೆಯೇನೋ ಅಂದ್ಕೊಂಡೆ.”

ಅವಳ ಮುಖದಲ್ಲಿ ನಗು ಬಂದಂತಾಗಿ ಅರ್ಧಕ್ಕೇ ನಿಂತಿತು. ಬಾಡಿಗೆ ಕೋಣೆಯ ಪಕ್ಕದವಳು ಒಮ್ಮೆ ಮುಖಕ್ಕೇ ಅಂದಿದ್ದಳು: “ಏನ್ ಜಂಬಾನಪ್ಪ, ಹಿಂದಿನಿಂದ ಎಷ್ಟು ಕೂಗಿದ್ರೂ ತಿರುಗಲ್ಲ.” ಇವಳು ಯಾವಾಗ ಕೂಗಿದ್ದಳು ಎಂದು ಅವಳಿಗೆ ಆಶ್ಚರ್ಯವಾಗಿತ್ತು. ಒಂಬತ್ತು ವರ್ಷ ಮೆಟ್ಟಿಲು ಹತ್ತಿ ಇಳಿದ ಆ ಕಟ್ಟಡದಲ್ಲಿ ತನ್ನನ್ನು ಯಾರೂ ಕರೆಯುವುದಿಲ್ಲ ಎಂದೇ ತಿಳಿದಿದ್ದಳು. ಬಾಗಿಲು ಬಡಿದವರೂ ಇದ್ದರೇನೋ. ಒಳಗೆ ಅವಳು ಮಂಚದ ಮೇಲೆ ಕೂತು, ಯಾರಾದರೂ ಬಂದಿದ್ದರೆ ಚೆನ್ನಾಗಿತ್ತು ಅಂದುಕೊಳ್ಳುತ್ತಿದ್ದ ಹೊತ್ತಿಗೇ.

“ಕಿವೀನ ಡಾಕ್ಟರಿಗೆ ತೋರಿಸು,” ಎಂದಳು ಅಂಗಡಿಯಾಕೆ, ಈಗ ಮುಖವನ್ನು ಪೂರ್ತಿ ಅವಳತ್ತ ತಿರುಗಿಸಿಕೊಂಡು. “ಆಮೇಲೆ ಇನ್ನೊಂದು ಮಾತು. ವ್ಯಾಪಾರಕ್ಕೆ ಕೂತು ಇದನ್ನ ಹೇಳಬಾರದು, ಆದ್ರೂ ಹೇಳ್ತೀನಿ. ಕಪ್ಪಂದೇ ತಗೋ. ನಿನಗೆ ಅದೇ ಸಾಕು. ಬೆಳ್ಳೀದರಲ್ಲಿ ಜಾಸ್ತಿ ಇರೋದು ನಿನಗೆ ಕೇಳಿಸಲ್ಲ.”

ಹೊರಗೆ ಬೀದಿಯಲ್ಲಿ ಸೈಕಲ್ಲೊಂದು ಹೋಯಿತು. ಸವಾರನ ಹೆಬ್ಬೆರಳು ಗಂಟೆಯ ಮೇಲೆ ಆಡುತ್ತಿತ್ತು. ಅವಳು ಅದನ್ನು ತಿರುವು ದಾಟುವವರೆಗೂ ನೋಡಿದಳು.

“ಕಪ್ಪದರಲ್ಲಿ ಆ ಮಗು ಇದೆಯಾ?”

“ಅಂದ್ರೆ?”

“ಹಾಕಿ ನೋಡಿ. ನಿಮಗೆ ಕೇಳಿಸುತ್ತಾ?”

ಅಂಗಡಿಯಾಕೆ ಕಾರ್ಡು ಬದಲಿಸಿ, ಎರಡೂ ಗುಂಡಿಗಳನ್ನು ಕಿವಿಗಿಟ್ಟುಕೊಂಡು, ಹಣೆ ಗಂಟಿಕ್ಕಿ ಕೇಳಿದಳು. “ಒಂದೆರಡು ಸಲ ಇದೆ. ಮಿಕ್ಕಿದ್ದು ಬರೀ ಸೊರಸೊರ. ಇಲ್ಲ ಅಂತಲೇ ಇಟ್ಕೋ.”

“ಬೆಳ್ಳೀದರಲ್ಲಿ?”

“ಅದರಲ್ಲಿ ಇದಾಳೆ. ಮೂಗು ಕಟ್ಟಿರೋದೂ ಗೊತ್ತಾಗುತ್ತೆ.”

ಅವಳು ಕಪ್ಪು ಪ್ಲೇಯರನ್ನು ಒಂದು ಬೆರಳಿನಿಂದ ಅಂಗಡಿಯಾಕೆಯ ಕಡೆಗೆ ಸರಿಸಿದಳು. “ಹಾಗಾದ್ರೆ ಅದನ್ನೇ ಕೊಡಿ.”

“ನಿನಗೆ ಕೇಳಿಸಲ್ಲ ಕಣಮ್ಮ.”

“ಇರ್ತಾಳಲ್ಲ.”

ಅಂಗಡಿಯಾಕೆ ಕೌಂಟರಿನಿಂದ ಈಚೆ ಬಂದಳು. ಎರಡು ಸ್ಟೂಲುಗಳನ್ನು ಎಳೆದು ಎದುರುಬದುರು ಹಾಕಿದಳು. ಕಾರ್ಡು ಮತ್ತೆ ಬೆಳ್ಳಿಯ ಪ್ಲೇಯರಿಗೆ ಹೋಯಿತು. ವಯರು ಇಬ್ಬರ ನಡುವೆ ತೂಗಿತು.

“ಕಥೆ ಪೂರ್ತಿ ಎಷ್ಟು ಹೊತ್ತು?”

“ಇಪ್ಪತ್ತು ನಿಮಿಷ. ನನಗೆ ಕೊನೇದು ಗೊತ್ತಿಲ್ಲಕ್ಕ. ಐದನೇ ಬಾಗಿಲಾದ ಮೇಲೆ ಅಜ್ಜಿ ದನಿ ಇಳಿಸಿಬಿಡ್ತಾಳೆ. ಅದೊಂದು ಕೇಳಿಸಿದ್ರೆ ಸಾಕು ಅಂತಲೇ ನಾನು ಬಂದಿದ್ದು.”

ಅಂಗಡಿಯಾಕೆ ತೋರುಬೆರಳನ್ನು ಕೌಂಟರಿನ ಗಾಜಿನ ಮೇಲಿಟ್ಟಳು. ಒಂದಾನೊಂದು ಊರು, ಎಂದಳು ಅಜ್ಜಿ. ಬೆರಳು ಎದ್ದಿತು, ಇಳಿಯಿತು. ಆ ಊರಿನಾಚೆ ಒಂದು ಮನೆ. ಬೆರಳು ಎದ್ದಿತು. ಅವಳಿಗೆ ಈಗ ಖಾಲಿ ಜಾಗಗಳು ಖಾಲಿಯೆನಿಸಲಿಲ್ಲ. ಮೊದಲನೇ ಬಾಗಿಲಿನಲ್ಲಿ ಅಕ್ಕ ತನ್ನ ನೆರಳನ್ನು ಕಳಚಿ ಕೊಟ್ಟಾಗ ಬೆರಳು ಎರಡು ಸಲ ಎದ್ದಿತು. “ಜೋರಾಗಿ ಅಂದ್ಲು,” ಎಂದಳು ಅಂಗಡಿಯಾಕೆ. ಜಡೆ ಹೋಯಿತು, ಕಾಲಿನ ವೇಗ ಹೋಯಿತು, ನಾಲ್ಕನೇ ಬಾಗಿಲಿನಲ್ಲಿ ಅಕ್ಕ ತನ್ನ ಹೆಸರನ್ನೇ ಬಿಚ್ಚಿಟ್ಟು ಒಳಗೆ ಹೋದಳು. ಬೆರಳು ತಡವಾಗಿ ಎದ್ದಿತು, ಅರ್ಧವೇ ಎದ್ದಿತು.

ಐದನೇ ಬಾಗಿಲು. ಅಜ್ಜಿ ನಿಂತಳು. ಬೆರಳು ಗಾಜಿನ ಮೇಲೇ ಇತ್ತು.

ಅಜ್ಜಿ ಕಾದಳು. ಹಿಂದೆಂದಿಗಿಂತ ಉದ್ದಕ್ಕೆ ಕಾದಳು. ಬೆರಳು ಏಳಲಿಲ್ಲ.

“ನಿದ್ದೆ ಹೋದ್ಲು,” ಎಂದಳು ಅಂಗಡಿಯಾಕೆ.

ಇನ್ನು ಅಜ್ಜಿ ನಿಲ್ಲಿಸಬೇಕಿತ್ತು. ಆದರೆ ದನಿ ಮತ್ತೆ ಶುರುವಾಯಿತು, ತಗ್ಗಿ, ಬಳಿ ಮಲಗಿದವರಿಗೆ ಎಚ್ಚರವಾಗದ ಹಾಗೆ. ಬೆಳ್ಳಿಯ ಪ್ಲೇಯರಿನಲ್ಲೂ ಅವಳಿಗೆ ಅದು ದೂರದ ಗುನುಗಾಗಿಯೇ ಉಳಿಯಿತು, ಗೋಡೆಯಾಚೆ ಯಾರೋ ಧಾನ್ಯ ಕೇರಿದಂತೆ. ಅವಳು ವಾಲ್ಯೂಮನ್ನು ಕೊನೆಯ ಗೆರೆಯವರೆಗೂ ಏರಿಸಿದಳು. ಆಮೇಲೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಅಂಗಡಿಗೆ ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಏನೋ ಕೇಳಿದ. ಅಂಗಡಿಯಾಕೆ ಅವನತ್ತ ನೋಡದೆ, ತಾಳು ಎಂದು ಎಡಗೈ ಎತ್ತಿದಳು. ಕನ್ನಡಕವನ್ನು ತೆಗೆದು ಪಕ್ಕಕ್ಕಿಟ್ಟಳು, ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಕಿವಿಯಲ್ಲಿನ ದನಿಯ ಹಿಂದೆ ಒಂದು ಹೆಜ್ಜೆ ತಡವಾಗಿ, ಸದ್ದಿಲ್ಲದೆ, ಅಂಗಡಿಯಾಕೆಯ ತುಟಿಗಳು ಆಡತೊಡಗಿದವು.

ಅಕ್ಕ ಆರನೇ ಬಾಗಿಲನ್ನು ಮುಟ್ಟಿದಳು, ಎಂದವು ತುಟಿಗಳು, ಮತ್ತು ಅಲ್ಲಿ ನಿಂತು ಕಾದವು.

“ಹೂಂ,” ಎಂದಳು ಅವಳು.