ಕೈ ತೆಗೆದಾಗ ಬರುವ ನೋವು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ದಾಖಲೆ ಕೋಣೆಗೆ ಅವಳು ಬಂದು ಎಂಟು ವರ್ಷವಾಗಿತ್ತು. ಡಾಕ್ಟರುಗಳು ಫೈಲಿನಲ್ಲಿ ಬರೆದ ಕಾಯಿಲೆಗೆಲ್ಲ ಪಟ್ಟಿ ನೋಡಿ ಕೋಡ್ ಸಂಖ್ಯೆ ಹಾಕುವುದು ಅವಳ ಕೆಲಸ. ಜೊತೆಯವರು ಅವಳಿಗೆ ಕೋಡಕ್ಕ ಎಂದು ಹೆಸರಿಟ್ಟಿದ್ದರು. ಅವಳು ತಲೆ ಸವರಿಕೊಂಡು, "ಕೋಡು ಇನ್ನೂ ಮೂಡಿಲ್ಲ" ಎಂದು ನಗುತ್ತಿದ್ದಳು.

ಆ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಅವಳ ಕೈಗೆ ಬಂದದ್ದು ಹೊಲಿಗೆ ಕೆಲಸದ ಒಬ್ಬ ಹೆಂಗಸಿನ ಫೈಲು. ಬೆಳಿಗ್ಗೆ ಏಳಕ್ಕೆ ಹೊಟ್ಟೆನೋವೆಂದು ಬಂದಿದ್ದವಳು ಹತ್ತೂವರೆಗೆ ಮನೆಗೆ ಹೋಗಿದ್ದಳು. ಕಿರಿಯ ಡಾಕ್ಟರು ಕೊನೆಯ ಹಾಳೆಯಲ್ಲಿ 'ಹೊಟ್ಟೆನೋವು, ಕಾರಣ ಸ್ಪಷ್ಟವಿಲ್ಲ' ಎಂದು ಬರೆದು ಮಾತ್ರೆ ಕೊಟ್ಟು ಕಳಿಸಿದ್ದರು. ಆ ಸಂಖ್ಯೆ ಅವಳಿಗೆ ಬಾಯಿಪಾಠ. ಆದರೂ ಕಂಪ್ಯೂಟರಿನಲ್ಲಿ ಅದನ್ನು ಒತ್ತುವ ಮುನ್ನ ಮೊದಲ ಹಾಳೆ ತಿರುವಿದಳು. ರಾತ್ರಿ ಪಾಳಿಯ ಡಾಕ್ಟರು ಮನೆಗೆ ಹೊರಡುವ ಅವಸರದಲ್ಲಿ ಗೀಚಿದ್ದರು: 'ಬಲಗಡೆ ಕೆಳಹೊಟ್ಟೆ ಒತ್ತಿದರೆ ನೋವು. ಕೈ ತಟ್ಟನೆ ತೆಗೆದರೆ ಇನ್ನೂ ಹೆಚ್ಚು.'

ಅವಳ ಪಟ್ಟಿಯಲ್ಲಿ ಇವೆಲ್ಲ ಬೇರೆ ಬೇರೆ. ರೋಗಿ ಬಾಯಿಬಿಟ್ಟು ಹೇಳುವ ನೋವಿಗೆ ಒಂದು ಸಂಖ್ಯೆ, ಡಾಕ್ಟರು ಒತ್ತಿದಾಗ ಸಿಗುವ ನೋವಿಗೆ ಇನ್ನೊಂದು. ಒತ್ತಿದ ಕೈ ತೆಗೆದಾಗ ಹೆಚ್ಚುವ ನೋವಿಗೆ ಮತ್ತೊಂದು. ಈ ಕೊನೆಯದು ಇದ್ದ ಫೈಲುಗಳಲ್ಲಿ ಮುಂದಿನ ಹಾಳೆ ಹೆಚ್ಚಾಗಿ ಆಪರೇಷನ್ನಿನದೇ ಇರುತ್ತಿತ್ತು. ಇಲ್ಲಿ ಮುಂದಿನ ಹಾಳೆಯಲ್ಲಿದ್ದದ್ದು ನೋವು ಕಡಿಮೆ ಮಾಡುವ ಒಂದು ಇಂಜೆಕ್ಷನ್ ಮಾತ್ರ.

ಅವಳು ಎದ್ದಳು, ಕೂತಳು, ಮತ್ತೆ ಎದ್ದು ಮೇಲಧಿಕಾರಿಯ ಮೇಜಿನ ಹತ್ತಿರ ಹೋದಳು.

"ಸಾರ್, ಇಬ್ಬರು ಡಾಕ್ಟರು ಬರೆದಿರೋದು ತಾಳೆ ಆಗ್ತಿಲ್ಲ."

"ಡಾಕ್ಟರಿಗೆ ಪ್ರಶ್ನೆ ಹಾಳೆ ಬರೆದು ಟ್ರೇಗೆ ಹಾಕಮ್ಮ. ಎರಡು ದಿನದಲ್ಲಿ ಉತ್ತರ ಬರುತ್ತೆ."

"ಅಲ್ಲಿವರೆಗೆ ಅವಳ ಹೊಟ್ಟೆ ಕಾಯುತ್ತಾ ಸಾರ್?"

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಬರೆದಿದ್ದಕ್ಕೆ ನಂಬರ್ ಹಾಕೋರು ನಾವು. ಡಾಕ್ಟರಿಗೆ ಪಾಠ ಹೇಳೋಕೆ ನಿನಗೇನು ಕೋಡು ಬಂದಿದೆಯಾ?"

ಈ ಸಲ ಅವಳಿಗೆ ನಗು ಬರಲಿಲ್ಲ. ಪ್ರಶ್ನೆ ಹಾಳೆ ಬರೆದು ಟ್ರೇಗೆ ಹಾಕಿದಳು. ಬೇರೆ ಫೈಲು ತೆಗೆದರೆ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಕಾಲುಗಂಟೆಯಲ್ಲಿ ಎರಡು ಸಲ ನೀರು ಕುಡಿದಳು. ಕೊನೆಗೆ ಫೈಲನ್ನು ಎದೆಗವಚಿಕೊಂಡು, ಯಾರಿಗೂ ಹೇಳದೆ, ಲಿಫ್ಟಿಗೆ ಕಾಯುವ ತಾಳ್ಮೆಯೂ ಇಲ್ಲದೆ ಮೆಟ್ಟಿಲು ಹತ್ತಿದಳು.

ತುರ್ತು ವಿಭಾಗದಲ್ಲಿ ಕಿರಿಯ ಡಾಕ್ಟರು ನಿಂತುಕೊಂಡೇ ಏನೋ ಬರೆಯುತ್ತಿದ್ದರು.

"ಒಂದು ನಿಮಿಷ ಡಾಕ್ಟ್ರೇ. ದಾಖಲೆ ಕೋಣೆಯಿಂದ ಬಂದಿದ್ದೀನಿ. ಈ ಫೈಲಿಗೆ ಯಾವ ಕೋಡ್ ಹಾಕಲಿ?"

"ಬರೆದಿದ್ದೀನಲ್ಲ."

"ನೀವು ಬರೆದಿದ್ದೀರಿ. ಇಲ್ಲಿ ಮೊದಲ ಹಾಳೆಯಲ್ಲಿ ಇವರೂ ಬರೆದಿದ್ದಾರೆ."

ಬೇಸರದಿಂದಲೇ ಕಣ್ಣಾಡಿಸಿದ ಡಾಕ್ಟರು ಇನ್ನೊಮ್ಮೆ ಓದಿದರು. "ಇದು ನನಗೆ ಯಾರೂ ಹೇಳಲಿಲ್ಲ" ಎಂದು ಗೊಣಗಿ, ಫೈಲಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದರು. ಆ ಕಡೆ ಎತ್ತಿದವನು ಹೊಲಿಗೆಯವಳ ಗಂಡ. ಅವನ ದನಿ ಎದುರು ನಿಂತ ಕೋಡಕ್ಕನಿಗೂ ಕೇಳುವಷ್ಟು ಜೋರಾಗಿತ್ತು.

"ಈಗ ಆರಾಮಾಗಿದ್ದಾಳೆ ಸಾರ್. ಮಲಗಿದ್ದಾಳೆ. ನೋವೇ ಇಲ್ಲ ಅಂದಳು."

ಕೋಡಕ್ಕ ನೆಮ್ಮದಿಯ ಉಸಿರು ಬಿಟ್ಟಳು. ಡಾಕ್ಟರ ಮುಖ ಮಾತ್ರ ಬಿಳುಚಿಕೊಂಡಿತು.

"ಯಾವಾಗ ನಿಂತಿತು?"

"ಒಂದು ಗಂಟೆಗೆ. ಇದ್ದಕ್ಕಿದ್ದ ಹಾಗೆ. ಈಗ ಚಳಿ ಚಳಿ ಅಂತಾಳೆ."

"ನೀರೂ ಕೊಡಬೇಡಿ. ಆಂಬುಲೆನ್ಸ್ ಕಳಿಸ್ತೀನಿ, ತಕ್ಷಣ ಕರ್ಕೊಂಡು ಬನ್ನಿ."

ಫೋನ್ ಇಟ್ಟ ಮೇಲೆ ಅವಳು ಮೆಲ್ಲಗೆ ಕೇಳಿದಳು: "ನೋವು ನಿಂತರೆ ಒಳ್ಳೇದಲ್ವಾ?"

"ಹೀಗೆ ನಿಂತರೆ ಅಲ್ಲ" ಎಂದರು ಡಾಕ್ಟರು. "ಅಪೆಂಡಿಕ್ಸ್ ಒಡೆದಿರಬಹುದು."

ನಾಲ್ಕಕ್ಕೆ ಹೊಲಿಗೆಯವಳನ್ನು ಆಪರೇಷನ್ನಿಗೆ ಒಯ್ದರು. ಆರಾದರೂ ಸುದ್ದಿ ಬರಲಿಲ್ಲ. ಕೋಡಕ್ಕ ಕಿರಿಯ ಡಾಕ್ಟರಿಗೆ ತನ್ನ ನಂಬರ್ ಕೊಟ್ಟು ಮನೆಗೆ ಹೋಗಿ, ತಟ್ಟೆಯ ಮುಂದೆ ಕೂತು, ಫೋನನ್ನೇ ನೋಡುತ್ತಿದ್ದಳು.

"ಏನಮ್ಮಾ, ಊಟ ನಿನಗಾ, ಫೋನಿಗಾ?" ಎಂದರು ಅತ್ತೆ.

"ಅತ್ತೆ, ನಿಮಗೆ ಹೊಟ್ಟೆನೋವು ಏನಾದರೂ ಇದೆಯಾ? ಇದ್ದರೆ ಮುಚ್ಚಿಡಬೇಡಿ."

"ನೋವಿಲ್ಲ. ಪಕ್ಕದ ಮನೆ ಸೊಸೆ ಕೆಲಸ ಮುಗಿಸಿ ಐದಕ್ಕೇ ಬರ್ತಾಳಲ್ಲ, ಅದಕ್ಕೆ ಸ್ವಲ್ಪ ಹೊಟ್ಟೆ ಉರಿ. ಅದಕ್ಕೂ ನಂಬರ್ ಇದ್ದರೆ ಹಾಕು."

ಅವಳು ನಕ್ಕಳು, ನಗುತ್ತಿದ್ದ ಹಾಗೇ ಕಣ್ಣು ತುಂಬಿಕೊಂಡಿತು. ಅತ್ತೆ ಅವಳ ತಟ್ಟೆಯ ಅನ್ನ ತೆಗೆದು, ಬಿಸಿಯದು ಬಡಿಸಿದರು. ಏಳೂವರೆಗೆ ಡಾಕ್ಟರ ಸಂದೇಶ ಬಂತು: 'ಒಡೆದಿತ್ತು. ಕೀವು ತೆಗೆದಿದ್ದಾರೆ. ಜೀವಕ್ಕೆ ಅಪಾಯವಿಲ್ಲ ಅನ್ನುತ್ತಿದ್ದಾರೆ.'

ಹೊಲಿಗೆಯವಳು ಚೇತರಿಸಿಕೊಂಡು ಮನೆಗೆ ಹೋದದ್ದು ಹನ್ನೊಂದನೆಯ ದಿನ. ಫೈಲು ಮತ್ತೆ ನೆಲಮಾಳಿಗೆಗೆ ಬಂತು, ಈ ಬಾರಿ ಇಷ್ಟು ದಪ್ಪ. ಒಡೆದ ಅಪೆಂಡಿಕ್ಸಿಗೆ ಅವಳು ಒಂದು ಸಂಖ್ಯೆ ಹಾಕಿದಳು. ಕಾರಣ ಸಿಕ್ಕಮೇಲೆ ನೋವಿಗೆ ಬೇರೆ ಸಂಖ್ಯೆ ಹಾಕುವ ಹಾಗಿಲ್ಲ, ನಿಯಮ ಅದು. ಆ ನಿಯಮ ಅವಳಿಗೆ ಮೊದಲ ಸಲ ಒಂಥರಾ ಅನ್ನಿಸಿತು, ಆದರೂ ಪಾಲಿಸಿದಳು.

ಅಷ್ಟರಲ್ಲಿ ಕಿರಿಯ ಡಾಕ್ಟರು ಬಾಗಿಲಲ್ಲಿ ಬಂದು ನಿಂತರು. ಎಂಟು ವರ್ಷದಲ್ಲಿ ಆ ಕೋಣೆಗೆ ಇಳಿದು ಬಂದ ಡಾಕ್ಟರು ಅವರೊಬ್ಬರೇ. ಮೇಲಧಿಕಾರಿ ಗಡಬಡಿಸಿ ಎದ್ದು ಕುರ್ಚಿ ಎಳೆದರು. ಡಾಕ್ಟರು ಕೂರಲಿಲ್ಲ.

"ಅಕ್ಕಾ, ನಾನು ಅವತ್ತು ಮೊದಲ ಹಾಳೆ ಓದಿರಲಿಲ್ಲ" ಎಂದರು. "ಇನ್ನು ಮುಂದೆ ಏನಾದರೂ ಅನುಮಾನ ಬಂದರೆ ಟ್ರೇಗೆ ಹಾಕಬೇಡಿ. ಮೇಲೇ ಬನ್ನಿ."

ಅವಳು ಹೂಂ ಎಂದಳು. ಅವರು ಹೋದಮೇಲೆ ಮೇಜಿನ ಮೇಲೆ ಉಳಿದಿದ್ದ ಇಪ್ಪತ್ತಾರು ಫೈಲುಗಳನ್ನು ಹತ್ತಿರ ಎಳೆದುಕೊಂಡು, ಮೊದಲನೆಯದನ್ನು ಬಿಚ್ಚಿದಳು.