ತೆನೆ ಹಾಕಿದ ಹಾಲು

ನಾಲಿಗೆಗೆ ಮೂಳೆಯಿಲ್ಲ ಎನ್ನುತ್ತಾರೆ. ಮೂಳೆ ಇಲ್ಲದೆಯೇ ನನ್ನದು ಒಂದು ಮನೆ ಮುರಿಯಿತು. ಕಳೆದ ಜೂನಿನಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುಮಾಡಿದವಳು, "ತಾಯಿ ಇಲ್ದೆ ಬೆಳ್ದ್ ಹೆಣ್ಣಿಗೆ ಯಾರ್ ಕಲ್ಸ್‌ತ್ರ್?" ಎಂದು ಮುಗಿಸಿದೆ. ನಮ್ಮ ಮನೆಮಾತು ಕೊಂಕಣಿ. ಆದರೆ ಜಗಳಕ್ಕೂ ರಾಜಿಗೂ ನಮಗೆ ಕುಂದಾಪ್ರ ಕನ್ನಡವೇ ಆಗಬೇಕು. ಸೊಸೆ ಅನಿಷಾ ಮಾರನೆಯ ದಿನ ಮಗುವನ್ನೆತ್ತಿಕೊಂಡು ಯಡ್ತರೆಗೆ, ಅಪ್ಪನ ಮನೆಗೆ ಹೋದಳು. ಕುವೈತಿನಲ್ಲಿರುವ ಮಗ ಫೋನಿನಲ್ಲಿ, "ಕಳ್ಸದ್ ನೀನೇ, ಕರ್ಕಂಡ್ ಬಪ್ದೂ ನೀನೇ" ಎಂದ.

ಬಸ್ರೂರಿನ ಮನೆಯಲ್ಲಿ ಒಬ್ಬಳೇ ಉಳಿದೆ. ಮಗುವಿನ ಸೀರೆ ತೊಟ್ಟಿಲನ್ನು ಬಿಚ್ಚಲು ಮನಸ್ಸಾಗಲಿಲ್ಲ. ಅದರ ಪಕ್ಕದಲ್ಲೇ ಕೂತು ಜಪಸರ ಹೇಳುತ್ತಿದ್ದೆ. ಆ ಮಗುವಿನ ಹಾಲುವಾಸನೆ ಬೇಕಿತ್ತು ನನಗೆ. ಸೊಸೆ 'ಮಾಯ್' ಎಂದು ಕರೆಯುವ ದನಿಯೂ ಅವಳ ಉಪ್ಪುಸಾರೂ ಬೇಕಿತ್ತು.

ಪಾಪನಿವೇದನೆಗೆಂದು ಇಗರ್ಜಿಯ ಫಾದರ್ ಬಳಿ ಎಷ್ಟು ಸಲ ಹೋದೆನೋ. ಇನ್ನು ಚುಚ್ಚುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು ಬರುವುದು, ಸಂಜೆ ಅವಳಿಗೆ ಫೋನು ಮಾಡಿ ಚುಚ್ಚುವುದು. ನಾಯಿ ಬಾಲ ಡೊಂಕೇ. ಕೊನೆಗೊಮ್ಮೆ ಫಾದರ್ ನಡುವೆಯೇ ತಡೆದರು.

"ಅಮ್ಮಾ, ನಿಮ್ಮ ಪಾಪ ಹೇಳಿ. ಸೊಸೆಯದ್ದನ್ನು ಅವಳೇ ಬಂದು ಹೇಳಲಿ."

ನನಗೆ ಸಿಟ್ಟು ಬಂತು. ಅವರು ಬಿಡಲಿಲ್ಲ. "ಚುಚ್ಚುಮಾತು ಬಿಡ್ತೇನೆ ಅಂತೀರಿ, ನಾನೇ ಸರಿ ಅನ್ನುವ ರುಚಿ ಬಿಡಲು ಒಪ್ಪುವುದಿಲ್ಲ. ಅದಿರುವ ತನಕ ಬೀಳುತ್ತಲೇ ಇರ್ತೀರಿ. ಅದು ನಿಮ್ಮ ಬಲದಿಂದ ಹೋಗುವಂಥದ್ದಲ್ಲ. ತೆಗೆದುಬಿಡು ಅಂತ ದೇವರನ್ನೇ ಕೇಳಿ."

ಸೆಪ್ಟೆಂಬರ್ ಎಂಟು, ಮರಿಯಮ್ಮನವರ ಹುಟ್ಟುಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಕೊಡುತ್ತಾರೆ. ಅದರ ಕಾಳು ಸುಲಿದು, ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು. ಮನೆಯವರು ಯಡ್ತರೆಯಲ್ಲಿದ್ದರು. ತೆನೆಯನ್ನು ಕರವಸ್ತ್ರದಲ್ಲಿ ಸುತ್ತಿ ಬೈಂದೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ 'ತಪ್ಪಾಯ್ತು' ಎಂಬ ಒಂದೇ ಮಾತನ್ನು ಬಾಯಿಪಾಠ ಮಾಡಿದೆ.

ಅನಿಷಾ ಬಾಗಿಲಲ್ಲೇ ತೆನೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮಗು ನನ್ನನ್ನು ಮರೆತಿತ್ತು. ಅವಳ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡಿತು.

"ತಪ್ಪಾಯ್ತ್ ಅನಿಷಾ," ಎಂದೆ. ಅಲ್ಲಿಗೆ ನಿಲ್ಲಬೇಕಿತ್ತು. "ಆರೆ ನೀನೂ ಅಷ್ಟ್ ಸಣ್ ಮಾತಿಗೆ ಮನಿ ಬಿಟ್ಟ್ ಬಪ್ದಾ? ತಾಯಿ ಇದ್ದಿದ್ರೆ ಬುದ್ಧಿ ಹೇಳ್ತಿದ್ರ್."

ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ನಾನು ಅಂಗಳ ದಾಟಿ ರಸ್ತೆಗೆ ಬಂದೆ. ಕುಂದಾಪುರದ ಬಸ್ಸು ಬಂತು, ಕಂಡಕ್ಟರ್ ಕರೆದ. ಹತ್ತಿದ್ದರೆ ನಾನೇ ಸರಿ ಎಂದುಕೊಂಡು ಮನೆ ಸೇರಬಹುದಿತ್ತು. ಮನೆಯಲ್ಲಿ ಖಾಲಿ ತೊಟ್ಟಿಲಿತ್ತು. ಆಗ ಮೊದಲ ಸಲ ದೇವರಿಗೆ ಯಾವ ಮಾತನ್ನೂ ಕೊಡದೆ ಬೇಡಿದೆ: ನನ್ನ ಕೈಲಾಗುವುದಿಲ್ಲಪ್ಪ, ನೀನೇ ತೆಗಿ. ಬಸ್ಸು ಹೋಯಿತು.

ತಿರುಗಿ ಅಂಗಳಕ್ಕೆ ಹೋಗುವಾಗ ಅವಳು ಜಗುಲಿಯಲ್ಲಿ ಕೂತು ತೆನೆ ಸುಲಿಯುತ್ತಿದ್ದಳು.

"ನಂದೇ ತಪ್ಪ್," ಎಂದೆ.

ಅವಳು ತಲೆಯೆತ್ತಲಿಲ್ಲ. "ಇನ್ ಹೇಳುದಿಲ್ಯಾ ಮಾಯ್?"

"ಹೇಳುದಿಲ್ಲೆ ಅಂದ್ರೆ ಸುಳ್ಳಾತ್ತ್. ಹೇಳ್ರೆ ನಾನೇ ಮತ್ತೆ ಬಂದ್ ತಪ್ಪಾಯ್ತ್ ಅಂತ ಹೇಳ್ತೆ. ನೀ ಇಲ್ದೆ ನಂಗೆ ಆತಿಲ್ಲೆ ಮಗಾ."

ಅವಳು ಉಳಿದ ಕಾಳನ್ನೂ ಸುಲಿದು ಮುಗಿಸಿದಳು. ಆಮೇಲೆ ಎದ್ದು ಹೋಗಿ, ಕಾಳು ಹಾಕಿದ ಹಾಲಿನ ಲೋಟ ತಂದು ನನ್ನ ಕೈಗಿಟ್ಟಳು. ಒಂದು ಗುಟುಕು ಕುಡಿದೆ.

"ಸಕ್ರಿಯೇ ಹಾಕ್ಲಿಲ್ಲೆ," ಎಂದಿತು ಹಾಳು ನಾಲಿಗೆ. "ತಪ್ಪಾಯ್ತ್," ಎಂದೆ ಕೂಡಲೇ.

ಅನಿಷಾ ನನ್ನ ಮುಖ ನೋಡಿದಳು. ಮಗುವನ್ನು ತಂದು ನನ್ನ ಮಡಿಲಲ್ಲಿ ಕೂರಿಸಿ ಹೇಳಿದಳು: "ನಾಡ್ದ್ ಮನಿಗ್ ಬತ್ತೆ ಮಾಯ್. ಅಲ್ಲಿ ಸಕ್ರಿ ನೀವೇ ಹಾಕಣಿ."