ಗಾಣದ ಬೇರಿಂಗಿಗೆ ಎರಕ

ಮಂಜು ಇನ್ನೂ ಸರಿದಿಲ್ಲ, ದೇವನಹಳ್ಳಿ ರಸ್ತೆಯ ಲಾರಿ ದೀಪಗಳು ಹಳದಿ ಹಳದಿಯಾಗಿ ಬಂದು ಕರಗುತ್ತಿವೆ, ಶಿವಾ ಅಂತ ಸುಮ್ಮನೆ ಕೂರಬೇಕು ಅನ್ನಿಸೋ ಬೆಳಗು, ಆದರೆ ಲೋಹ ಕರಗಿಸೋ ಈ ಮೂಸೆಯಿಂದ ಏಳೋ ವಾಸನೆ — ಥೂ, ಹಳೇ ಬ್ಯಾಟರಿಯ ಹುಳಿ ನಾತ, ಇದು ಆವತಿಯ ಗಂಗಲಕ್ಷ್ಮಮ್ಮನ ಲೋಹವಲ್ಲ, ಆಯಮ್ಮನ ಎಣ್ಣೆಗಾಣದ ಇಂಜಿನ್ನಿನ ಬೇರಿಂಗು ಸವೆದಿತ್ತು, ನಿನ್ನೆ ನಾನೇ ಅದರ ಚಿಪ್ಪಿನ ಒಳಪದರ ಕರಗಿಸಿ ಇಳಿಸಿ ಒಂದು ಗಟ್ಟಿ ಎರೆದಿಟ್ಟಿದ್ದೆ, ತವರ ಹೆಚ್ಚಿರೋ ಹಳೇ ಕಾಲದ ದುಬಾರಿ ಬಿಳೀ ಲೋಹ, ಗಿರಾಕಿಯ ಲೋಹ ಗಿರಾಕಿಯ ಚಿಪ್ಪಿಗೇ ವಾಪಸ್ಸು ಸುರೀಬೇಕು, ಕಡಿಮೆ ಬಿದ್ದಷ್ಟು ಮಾತ್ರ ನಮ್ಮದು, ಅಪ್ಪನ ಕಾಲದಿಂದ ಈ ಅಂಗಡಿ ನಡೆದಿರೋದೇ ಹಾಗೆ — ಇವತ್ತು ಮೂಸೆ ತುಂಬಿದ್ದು ಕೆಂಪರಾಜ, ನನ್ನ ಬಾಮೈದ, ನಾನು ಸ್ನಾನ ಮಾಡಿ ಬರೋಷ್ಟರಲ್ಲಿ. ಸೌಟಲ್ಲಿ ಒಂಚೂರು ತೆಗೆದು ಆರಿಸಿ ಬಿಳೀ ಟವೆಲ್ಲಿಗೆ ಉಜ್ಜಿದೆ, ಕಪ್ಪು ಗೀಟು, ತವರ ಹೀಗೆ ಕಪ್ಪು ಬಿಡೋದಿಲ್ಲ, ಸೀಸ, ಬರೀ ಸೀಸ. ಏನೋ ಇದು ಕೆಂಪರಾಜ. ಬೆಳ್ಳಗೈತಲ್ಲ ಬಾವ, ಅಜ್ಜಿಗೇನ್ ಗೊತ್ತಾಯ್ತದೆ, ಸುರಿ ನೀನು. ತುಟಿಯಂಚಲ್ಲಿ ಗುಟ್ಕಾದ ರಸ, ಹಣೆ ತುಂಬ ವಿಭೂತಿ, ಅದೇ ಬಾಯಲ್ಲಿ ಈಗ ತಾನೆ ಮಂಗಳಾರತಿ ಹಾಡಿದ. ಬೇರಿಂಗಲ್ಲಿ ಮೆದು ಲೋಹ ಇರೋದೇ ತಾನು ಸವೆದು ಶಾಫ್ಟು ಉಳಿಸೋದಕ್ಕೆ, ಸೀಸ ಆ ಭಾರಕ್ಕೆ ಬೆಣ್ಣೆಯ ಹಾಗೆ ಹಿಂಡಿಹೋಗುತ್ತೆ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಗಾಣ ನಿಂತರೆ ಆಯಮ್ಮನ ಊಟಾನೂ ನಿಂತ ಹಾಗೆ — ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಾಳೆ, ಅಲ್ಲಿಂದಲೇ ನನ್ನ ಕೂಗುತ್ತಾಳೆ, ರಾಮಾಂಜಿನಪ್ಪಾ, ಆಯ್ತೇನಪ್ಪಾ, ನಿಮ್ಮಿಬ್ರಿಗೂ ಕಡ್ಲೆಕಾಯೆಣ್ಣೆ ತಂದಿವ್ನಿ, ನಿನ್ ಬಾಮೈದ ಮದ್ವೆ ಆದ್ನಾ, ಇನ್ನೂ ಗೂಳಿ ಥರ ತಿರುಗ್ತವ್ನಾ. ಇವನನ್ನ ಕಳ್ಳ ಅಂದರೆ ಮನೇಲಿ ನನ್ನ ಹೆಂಡತಿ ರೂಪ ಒಲೆ ಹಚ್ಚೋದಿಲ್ಲ, ನನ್ ತಮ್ಮನ್ನೇ ಅಂತೀರಾ, ಸುರಿದುಬಿಡಲಾ, ಯಾರಿಗೆ ಗೊತ್ತಾಗುತ್ತೆ — ಥೂ, ಆ ಗುಟ್ಕಾ ಈಗ ನನ್ನ ಬಾಯಲ್ಲೇ ಇದ್ದ ಹಾಗಿದೆ. ಎಲ್ಲೋ ಆಯಮ್ಮನ ಗಟ್ಟಿ, ಅಂದೆ. ಯಾವ್ ಗಟ್ಟಿ ಬಾವ. ಕಣ್ಣು ಮಾತ್ರ ದೇವರ ಗೂಡಿನ ಕಡೆ ಹೋಗಿ ಬಂತು. ಆಂಜನೇಯನ ಪಟ ಸರಿಸಿದೆ, ಅದರ ಹಿಂದೆಯೇ ಇದೆ, ಕದ್ದಿದ್ದಕ್ಕೂ ಕುಂಕುಮ ಇಟ್ಟಿದ್ದಾನೆ, ಒದ್ದೆ ಒದ್ದೆ ಕುಂಕುಮ, ದೇವರನ್ನೂ ಪಾಲುದಾರ ಮಾಡಿಕೊಂಡ ಹೊಲಸು. ಒಲೆ ಆರಿಸಿದೆ. ಬಾವ, ಅಕ್ಕನ್ಗೆ ಹೇಳ್ಬ್ಯಾಡ. ಹೊರಗೆ ಬಂದು ಗಟ್ಟಿಯನ್ನ ಆಯಮ್ಮನ ಮಡಿಲಿಗಿಟ್ಟೆ — ನಿಮ್ದು ಕಣಮ್ಮ, ನೀವೇ ಹಿಡ್ಕೊಂಡಿರಿ, ಮೂಸೆ ಕ್ಲೀನ್ ಮಾಡಿ ನಿಮ್ ಕಣ್ಣೆದುರೇ ಸುರೀತೀನಿ — ಅವಳು ಎರಡೂ ಕೈಯಲ್ಲಿ ಎತ್ತಿದಳು, ಪೂಜೆ ಬೇರೆ ಮಾಡ್ಸಿದ್ದೀಯಾ ಮಗ ಅಂತ ಕಣ್ಣಿಗೊತ್ತಿಕೊಂಡಳು, ಆ ಕುಂಕುಮ, ಅವಳ ರೆಪ್ಪೆಯ ಮೇಲೆ ಅವನ ಕುಂಕುಮ, ಕುಂಕುಮ